ಬ್ಯಾಟರಿ ಬದಲಿಸುವ ಮುಂಚೆ ಒಮ್ಮೆ ಪರೀಕ್ಷೆ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ್ರೀ ಎಲ್ಲರಿಗೂ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮಾರುವ ರೀತಿ ಬದಲಾಗುತ್ತದೆ. "ಬ್ಯಾಟರಿ ಹೋಗೈತ್ರಿ, ಹೊಸಾದು ಹಾಕಿಕೊಡ್ರಿ" ಅಂತ ನೀವು ಬಂದ ಕೂಡಲೇ ಹಾಕಿ ಕೊಡುವುದಿಲ್ಲ. ಮೊದಲು ಅದು ನಿಜಕ್ಕೂ ಹೋಗಿದೆಯಾ ಅಂತ ನೋಡುತ್ತೇವೆ. ಇಷ್ಟು ದಿನ ಕಡಿಮೆ ರೇಟಿಗೆ ಕೊಡುತ್ತಿದ್ದ, ಕಂಪನಿ ಹೆಸರು ಇಲ್ಲದ ಬ್ಯಾಟರಿಗಳನ್ನು ಪೂರ್ತಿ ನಿಲ್ಲಿಸಿದ್ದೇವೆ. ಇದರಿಂದ ಕೆಲವರಿಗೆ ಖರ್ಚು ಜಾಸ್ತಿ ಆಗುತ್ತದೆ, ಇನ್ನು ಕೆಲವರಿಗೆ ಹೊಸ ಬ್ಯಾಟರಿಯೇ ಬೇಕಾಗುವುದಿಲ್ಲ. ಯಾಕೆ ಹೀಗೆ ಅಂತ ನಿಮಗೆ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ಕಳೆದ ಬೇಸಿಗೆಯಲ್ಲಿ ಗುಳೇದಗುಡ್ಡದ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತಂದಿದ್ದಳು. ಬ್ಯಾಟರಿ ಬಗ್ಗೆ ಅವಳ ದೂರೇ ಇರಲಿಲ್ಲ. "ಟಚ್‌ಪ್ಯಾಡ್ ಒತ್ತಿದ್ರ ಕ್ಲಿಕ್ ಆಗವಲ್ದ್ರಿ" ಅಂದಳು. ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ನೆಟ್ಟಗೆ ಕೂರುತ್ತಿರಲಿಲ್ಲ, ಅಲುಗಾಡುತ್ತಿತ್ತು. ಹಿಂದಿನ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ, ಹೆಂಚಿನ ಮೇಲಿನ ಜೋಳದ ರೊಟ್ಟಿ ಉಬ್ಬಿದ ಹಾಗೆ ಬ್ಯಾಟರಿಯ ಎರಡು ಸೆಲ್ ಉಬ್ಬಿ, ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತಿ ಹಿಡಿದಿದ್ದವು. ಆ ಬ್ಯಾಟರಿ ಹಾಕಿದ್ದು ನಾವೇ. ಎಂಟು ತಿಂಗಳ ಹಿಂದಿನ ನಮ್ಮ ಬಿಲ್ಲು ಅವಳ ಚೀಲದಲ್ಲೇ ಇತ್ತು. ಅವಳು ಆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದಳು ಅಂತ ಕೇಳಿದ ಮೇಲೆ ನಮಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೇರೆ ಬ್ಯಾಟರಿ ಪುಕ್ಕಟೆ ಹಾಕಿ ಕೊಟ್ಟೆವು. ಅಗ್ಗದ ಮಾಲು ಎಷ್ಟು ಉಳಿದಿತ್ತೋ ಅಷ್ಟನ್ನೂ ಶೆಲ್ಫಿನಿಂದ ಇಳಿಸಿದೆವು.

ಇನ್ನು ಮುಂದೆ ಲ್ಯಾಪ್‌ಟಾಪ್ ಕಂಪನಿಯದೇ ಬ್ಯಾಟರಿ, ಇಲ್ಲವೇ ಬಿಐಎಸ್ (ಸರ್ಕಾರದ ಭಾರತೀಯ ಮಾನಕ ಸಂಸ್ಥೆ) ನೋಂದಣಿ ಗುರುತು ಇರುವ ಬ್ಯಾಟರಿ ಮಾತ್ರ. ಈ ಜಾತಿಯ ಬ್ಯಾಟರಿಗಳ ಸುರಕ್ಷತೆಗೆ ಐಎಸ್ 16046 ಅಂತ ಮಾನದಂಡ ಇದೆ. ಲೇಬಲ್ ಮೇಲೆ ಆ ನಂಬರ್ ಎಲ್ಲಿ ಇರುತ್ತದೆ ಅಂತ ಹಾಕುವ ಮುಂಚೆ ನಿಮಗೇ ತೋರಿಸುತ್ತೇವೆ. ನಾವು ಸ್ಟಾಕ್ ಕೂಡ ಇಡುವುದಿಲ್ಲ. ಲಿಥಿಯಂ ಬ್ಯಾಟರಿ ಬಳಸದೆ ಸುಮ್ನೆ ಇಟ್ಟರೂ ಹಳೆಯದಾಗುತ್ತದೆ, ಎರಡು ವರ್ಷ ಶೆಲ್ಫಿನಲ್ಲಿ ಇದ್ದದ್ದನ್ನು ಹೊಸದು ಅಂತ ಕೊಡುವುದು ಸರಿಯಲ್ಲ. ನಿಮ್ಮ ಮಾಡೆಲ್ ನೋಡಿ ಹುಬ್ಬಳ್ಳಿಯಿಂದ ತರಿಸುತ್ತೇವೆ, ಎರಡು ಮೂರು ದಿನ ಕಾಯಬೇಕು. ಮುಂಚೆ 1,200 ರೂಪಾಯಿಗೆ ಸಿಗುತ್ತಿದ್ದ ಜಾಗದಲ್ಲಿ ಈಗ 2,500 ರೂಪಾಯಿಯಿಂದ ಶುರು. ರೇಟು ಜಾಸ್ತಿ ಆಯಿತು ಅಂತ ಅನಿಸುವುದು ಸಹಜ. ಆರು ತಿಂಗಳಿದ್ದ ವಾರಂಟಿಯನ್ನು ಒಂದು ವರ್ಷ ಮಾಡಿದ್ದೇವೆ.

ಈಗ ಪರೀಕ್ಷೆಯ ವಿಷಯ. ಇಳಕಲ್ಲಿನಿಂದ ಒಬ್ಬರು ಬಂದಿದ್ದರು, ಸೀರೆ ವ್ಯಾಪಾರದ ಲೆಕ್ಕ ಬರೆಯುವವರು. ಬ್ಯಾಟರಿ ಒಂದೂವರೆ ತಾಸು ಸಹ ಬರುವುದಿಲ್ಲ, ಬದಲಿಸಿ ಅಂದರು. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ, ಒಂದು ಸಾಲಿನ ಕಮಾಂಡ್ ಅಷ್ಟೇ. ತೆಗೆದು ನೋಡಿದರೆ, ಹೊಸದಿದ್ದಾಗ 41 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟು ತುಂಬುತ್ತದೆ ಅನ್ನುವ ಅಳತೆ) ಹಿಡಿಯುತ್ತಿದ್ದ ಬ್ಯಾಟರಿ ಈಗಲೂ 34 ಹಿಡಿಯುತ್ತಿತ್ತು. ಅಂದರೆ ನೂರಕ್ಕೆ ಎಂಬತ್ತಮೂರು ಭಾಗ ಗಟ್ಟಿಯಾಗಿದೆ. ಹಾಗಾದರೆ ಕರೆಂಟು ಹೋಗುತ್ತಿರುವುದು ಎಲ್ಲಿಗೆ? ಬಿಚ್ಚಿ ನೋಡಿದೆವು. ಮಗ್ಗದ ಮನೆಯ ನೂಲಿನ ಧೂಳು ಫ್ಯಾನಿನ ಬಾಯಿಗೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಚಿಮಟದಿಂದ ಎತ್ತಿದರೆ ಒಂದೇ ಪದರವಾಗಿ ಎದ್ದು ಬಂತು! ಗಾಳಿ ಹೊರಗೆ ಹೋಗದೆ ಒಳಗೆಲ್ಲ ಕಾವು, ಫ್ಯಾನು ಇಡೀ ದಿನ ಜೋರಾಗಿ ತಿರುಗುತ್ತಿತ್ತು. ಅದರ ಜೊತೆಗೆ ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿದ್ದವು. ಕ್ಲೀನ್ ಮಾಡಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ (ಕಾವನ್ನು ಹೊರಗೆ ಸಾಗಿಸುವ ಲೇಪ) ಬದಲಿಸಿ, ಒಂದು ಆಂಟಿವೈರಸ್ ತೆಗೆದ ಮೇಲೆ ಅದೇ ಹಳೇ ಬ್ಯಾಟರಿ ಹತ್ತಿರ ಹತ್ತಿರ ಮೂರು ತಾಸು ಬಂತು. ಮುಂಚಿನ ಹಾಗೆ ಆಗಿದ್ದರೆ ಕೇಳಿದ ಕೂಡಲೇ ಹೊಸದು ಹಾಕಿ ಕಳಿಸುತ್ತಿದ್ದೆವು, ತೊಂದರೆ ಮಾತ್ರ ಹಾಗೇ ಉಳಿಯುತ್ತಿತ್ತು.

ಪರೀಕ್ಷೆಗೆ 150 ರೂಪಾಯಿ. ಮುಂದೆ ನಮ್ಮಲ್ಲೇ ಏನಾದರೂ ಕೆಲಸ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ರಿಪೋರ್ಟನ್ನು ನಿಮ್ಮ ಫೋನಿಗೆ ಕಳಿಸುತ್ತೇವೆ, ಬೇರೆ ಕಡೆ ತೋರಿಸಿ ವಿಚಾರಿಸಿದರೂ ನಮಗೆ ಬೇಜಾರಿಲ್ಲ.

ಇನ್ನೊಂದು ಬದಲಾವಣೆ ಚಾರ್ಜಿಂಗ್‌ದು, ಇದನ್ನು ಸ್ವಲ್ಪ ಸಮಾಧಾನದಿಂದ ಓದಿ. ಸರ್ವಿಸಿಗೆ ಬಂದ ಪ್ರತಿ ಲ್ಯಾಪ್‌ಟಾಪಿನಲ್ಲಿ, ನಿಮ್ಮನ್ನು ಕೇಳಿ, ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಸೆಟ್ ಮಾಡಿ ಕೊಡುತ್ತೇವೆ. ಲೆನೊವೊದಲ್ಲಿ ಇದು ವ್ಯಾಂಟೇಜ್ ಆ್ಯಪ್‌ನಲ್ಲಿ ಇದೆ, ಆಸುಸ್‌ನಲ್ಲಿ ಮೈಆಸುಸ್‌ನಲ್ಲಿ, ಡೆಲ್ ಮತ್ತು ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್) ಒಳಗೇ ಸಿಗುತ್ತದೆ. ನಮ್ಮ ಗ್ರಾಹಕರಲ್ಲಿ ತುಂಬಾ ಜನ ಲ್ಯಾಪ್‌ಟಾಪನ್ನು ಮುಂಜಾನೆಯಿಂದ ಸಂಜೆವರೆಗೆ ಚಾರ್ಜರಿಗೆ ಹಚ್ಚಿಯೇ ಇಡುತ್ತಾರೆ, ಬ್ಯಾಟರಿ ದಿನವಿಡೀ ನೂರರಲ್ಲೇ ನಿಂತಿರುತ್ತದೆ. ಪೂರ್ತಿ ತುಂಬಿದಾಗ ಸೆಲ್ಲಿನ ಒಳಗೆ ವೋಲ್ಟೇಜ್ ಮೇಲಿನ ಅಂಚಿಗೆ ಬಂದಿರುತ್ತದೆ, ಅದರ ಮೇಲೆ ಕಾವೂ ಸೇರಿದರೆ ಒಳಗಿನ ರಾಸಾಯನಿಕ ಬೇಗ ಕೆಡುತ್ತದೆ. ನಮ್ಮ ಬಾಗಲಕೋಟೆಯ ಏಪ್ರಿಲ್-ಮೇ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ನೂರು ಚಾರ್ಜ್ ಮತ್ತು ಆ ಬಿಸಿಲು, ಇವೆರಡೂ ಜೊತೆಯಾಗಬಾರದು.

"ಕರೆಂಟ್ ಹೋದ್ರ ಏನ್ ಮಾಡೂದ್ರಿ?" ಅಂತ ಎಲ್ಲರೂ ಕೇಳುತ್ತಾರೆ. ನಿಜ, ಬ್ಯಾಕಪ್‌ನಲ್ಲಿ ಐದನೇ ಒಂದು ಭಾಗ ಕಡಿಮೆ ಆಗುತ್ತದೆ. ಊರಿಗೆ ಹೋಗುವ ದಿನ, ಪರೀಕ್ಷೆಯ ದಿನ, ಕರೆಂಟ್ ಇರುವುದಿಲ್ಲ ಅಂತ ಮೊದಲೇ ಗೊತ್ತಾದ ದಿನ ಆ ಸೆಟ್ಟಿಂಗ್ ತೆಗೆದು ನೂರಕ್ಕೆ ತುಂಬಿಸಿಕೊಳ್ಳಿ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ವಾಪಸ್ ಹಾಕುವುದು ಮಾತ್ರ ಮರೆಯಬೇಡಿ. ಇನ್ನು, ಪೂರ್ತಿ ಸೊನ್ನೆಗೆ ಇಳಿಸಿ ಆಮೇಲೆ ಚಾರ್ಜ್ ಮಾಡಬೇಕು ಅನ್ನುವ ಮಾತು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು. ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ, 20ಕ್ಕೆ ಬಂದಾಗಲೇ ಹಚ್ಚಿ. ರಜೆಗೆ ತಿಂಗಳುಗಟ್ಟಲೆ ಮುಚ್ಚಿ ಇಡುವುದಿದ್ದರೆ ಅರ್ಧ ಚಾರ್ಜ್ ಇರಲಿ, ಪೂರ್ತಿ ಆಫ್ ಮಾಡಿ ತಂಪಾದ ಜಾಗದಲ್ಲಿ ಇಡಿ.

ಕೌದಿ ಮೇಲೆ ಇಟ್ಟು ಬಳಸಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇವೆ, ಇಲ್ಲೂ ಹೇಳುತ್ತೇವೆ. ಗಾಳಿ ಎಳೆದುಕೊಳ್ಳುವ ತೂತು ಕೆಳಗೇ ಇರುತ್ತದೆ, ಮೆತ್ತನೆಯ ಬಟ್ಟೆ ಅದನ್ನು ಪೂರ್ತಿ ಮುಚ್ಚುತ್ತದೆ. ಒಂದು ಹಲಗೆ ಸಾಕು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಲ್ಯಾಪ್‌ಟಾಪ್ ಬಿಡಬೇಡಿ. ಗಿರಣಿ, ಮಗ್ಗ, ಸಿಮೆಂಟ್ ಧೂಳು ಇರುವ ಕಡೆ ಕೆಲಸ ಮಾಡುವವರು ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿ. ಪೇಸ್ಟ್ ಸೇರಿ 600 ರೂಪಾಯಿ, ಅದರಲ್ಲಿ ಬದಲಾವಣೆ ಇಲ್ಲ.

ಹಳೇ ಬ್ಯಾಟರಿಗಳನ್ನು ಇನ್ನು ಮುಂದೆ ನಾವೇ ತೆಗೆದುಕೊಳ್ಳುತ್ತೇವೆ, ಬೇರೆ ಅಂಗಡಿಯಲ್ಲಿ ಕೊಂಡಿದ್ದರೂ ಸರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದ ಜೊತೆ ಹಾಕುವ ಹಾಗಿಲ್ಲ. ಉಬ್ಬಿದ ಬ್ಯಾಟರಿ ಇದ್ದರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಚ್ಚಬೇಡಿ. ಲ್ಯಾಪ್‌ಟಾಪ್ ಆಫ್ ಮಾಡಿ ಹಾಗೇ ನಮ್ಮ ಹತ್ತಿರ ತನ್ನಿ, ಅದನ್ನು ಬಿಚ್ಚಿ ತೆಗೆಯಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಕಳೆದ ಎರಡು ವರ್ಷದಲ್ಲಿ ನಮ್ಮಿಂದ ಆ ಅಗ್ಗದ ಬ್ಯಾಟರಿ ಹಾಕಿಸಿಕೊಂಡವರು ವಾರಂಟಿ ಮುಗಿದಿದ್ದರೂ ಒಮ್ಮೆ ಬನ್ನಿ. ಪುಕ್ಕಟೆ ಬಿಚ್ಚಿ ನೋಡುತ್ತೇವೆ. ಸ್ವಲ್ಪ ಉಬ್ಬಿದ್ದರೂ ಬದಲಿಸಿ ಕೊಡುವುದು ನಮ್ಮ ಜವಾಬ್ದಾರಿ.

ಬರುವಾಗ ಚಾರ್ಜರ್ ಜೊತೆಗೇ ತನ್ನಿ. ಎಷ್ಟೋ ಸಲ ದೋಷ ಅದರ ವೈರಿನಲ್ಲೇ ಸಿಕ್ಕಿದೆ.

ನಿಮ್ಮ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವರು
ನವನಗರ, ಬಾಗಲಕೋಟೆ