ದಾರಿ ಬಿಟ್ಟು ಇಳಿಯದೆ ಬಿಡಿಸು

ಪ್ರೀತಿಯ ಮಗಳೇ,

ಸಂರಕ್ಷಿತ ವನದಲ್ಲಿ ಕುಳಿತು ಜಲವರ್ಣ ಕಲಿಯಲು ಹೊರಟಿದ್ದೀಯೆಂದು ಓದಿ ಹಿಗ್ಗಿದೆ. ಜೊತೆಯಲ್ಲೇ ಒಂದು ದೂರನ್ನೂ ಬರೆದಿದ್ದೀಯ: ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ, ಒಳ್ಳೆಯ ನೋಟವೆಲ್ಲ ಪೊದೆಗಳ ಆಚೆಯೇ ಇದೆ ಎಂದು. ನನಗೇನೋ ಆ ನಿಯಮ ಹಿಡಿಸಿತು. ಎಲ್ಲಿಗೆ ಬೇಕಾದರೂ ಹೋಗಬಹುದೆಂದಾದರೆ ಜಾಗ ಹುಡುಕುವುದರಲ್ಲೇ ಬೆಳಗು ಮುಗಿದು, ನೆತ್ತಿಯ ಮೇಲಿನ ಬಿಸಿಲಿಗೆ ನೆರಳುಗಳೆಲ್ಲ ಗಿಡದ ಬುಡ ಸೇರಿರುತ್ತವೆ. ದಾರಿಯಂಚಿನಲ್ಲಿ ಕಂಡದ್ದನ್ನೇ ಬಿಡಿಸು. 1503ರಲ್ಲಿ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಜಲವರ್ಣದಲ್ಲಿ ಬಿಡಿಸಿದ್ದು ಯಾರೂ ತಿರುಗಿ ನೋಡದ ಹುಲ್ಲು, ಕಳೆಗಿಡಗಳ ಒಂದು ಹೆಂಟೆಯನ್ನು. ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯ ಅದನ್ನು ಇಂದಿಗೂ ಜೋಪಾನ ಮಾಡುತ್ತಿದೆ. ಆ ಹೆಂಟೆಯನ್ನು ಅವನು ಕಿತ್ತು ಮನೆಯೊಳಗೆ ತಂದಿಟ್ಟುಕೊಂಡಿರಬೇಕೆಂದು ಊಹಿಸುವವರಿದ್ದಾರೆ. ನೀನು ಮಾತ್ರ ಅಲ್ಲಿ ಒಂದು ಎಲೆಯನ್ನೂ ಕೀಳಬೇಡ.

ಕುಳಿತ ಕೂಡಲೇ ಕುಂಚ ಒದ್ದೆ ಮಾಡಬೇಡ. ಮೊದಲು ಪೆನ್ಸಿಲ್‌ನಿಂದ ನೆರಳಿನ ಅಂಚುಗಳನ್ನು ಗುರುತಿಸಿಕೊ. ಗಂಟೆ ಕಳೆಯುವಷ್ಟರಲ್ಲಿ ಅವು ಸರಿದಿರುತ್ತವೆ. ಸರಿದ ನೆರಳನ್ನು ಬೆನ್ನಟ್ಟಿ ತಿದ್ದಿದರೆ ಒಂದೇ ಚಿತ್ರದಲ್ಲಿ ಇಬ್ಬರು ಸೂರ್ಯರು ಹುಟ್ಟುತ್ತಾರೆ. ಬಿಳಿ ಎಲ್ಲಿ ಬೇಕೆಂಬುದನ್ನೂ ಆಗಲೇ ನಿರ್ಧರಿಸು. ಜಲವರ್ಣದಲ್ಲಿ ಬಿಳಿಯೆಂದರೆ ಬಣ್ಣ ತಾಕದ ಕಾಗದ. ನೀರಂಚಿನ ಬೆಳ್ಳಕ್ಕಿಯನ್ನು ಬಿಡಿಸಬೇಕಾದರೆ ಅದರ ಸುತ್ತಲಿನ ನೀರನ್ನು ಬಿಡಿಸಬೇಕು. ಹಕ್ಕಿ ಹಾರಿಹೋದರೆ ಹೋಗಲಿ, ಹತ್ತಿರ ಹೋಗಿ ಎಬ್ಬಿಸಿದವಳು ನೀನಾಗಬಾರದು.

ಹಸಿರಿನ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಟ್ಯೂಬಿನ ಹಸಿರನ್ನು ಹಾಗೆಯೇ ಬಳಿದರೆ ಮರಗಳೆಲ್ಲ ಪ್ಲಾಸ್ಟಿಕ್ಕಿನವು. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸು, ಕಣ್ಣಿಗೆ ಹೊಡೆಯುವಂತಿದ್ದರೆ ಒಂದು ತೊಟ್ಟು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಹಾಕು. ಅದೇ ನೀಲಿಗೆ ಬರ್ನ್ಟ್ ಸಿಯೆನಾ ಮಾತ್ರ ಬೆರೆಸಿದರೆ ಬಂಡೆಗೂ ಮೋಡಕ್ಕೂ ಒಪ್ಪುವ ಬೂದು ಸಿಗುತ್ತದೆ. ದೂರದ ಮರಗಳಿಗೆ ಹಳದಿ ಕಡಿಮೆ, ನೀರು ಹೆಚ್ಚು. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ಒದ್ದೆಯಿರುವಾಗ ತುಸು ಗಾಢವೆನಿಸಿದರೂ ಹೆದರಬೇಡ.

ಕಾಗದ ನೆರಳಿನಲ್ಲಿರುವಂತೆ ಕುಳಿತುಕೊ. ಬಿಸಿಲು ನೇರ ಬಿದ್ದ ಕಾಗದದ ಮೇಲೆ ಸರಿಯೆನಿಸಿದ ಬಣ್ಣ ಒಳಗೆ ತಂದಾಗ ಮಂಕಾಗಿ ಕಾಣುತ್ತದೆ. 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿಯ ಕಾಗದ ದುಬಾರಿಯಾದರೂ ಅದನ್ನೇ ತೆಗೆದುಕೊ. ತೆಳು ಕಾಗದ ನೀರು ಬಿದ್ದೊಡನೆ ಉಬ್ಬಿ ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ. ಮಂಜಿನ ಬೆಳಗಿನಲ್ಲಿ ಬಳಿದದ್ದು ಬೇಗ ಒಣಗದು. ಅರೆ ಒಣಗಿದ ಬಣ್ಣದ ಮೇಲೆ ಮತ್ತೆ ಒದ್ದೆ ಕುಂಚ ಆಡಿಸಿದರೆ ನೀರು ಬಣ್ಣವನ್ನು ತಳ್ಳಿ ಅಂಕುಡೊಂಕು ಅಂಚಿನ ಕಲೆ ಮಾಡುತ್ತದೆ. ಆಗ ಕೈಕಟ್ಟಿ ಕುಳಿತಿರುವುದೂ ಕೆಲಸವೇ.

ಕುಂಚ ತೊಳೆದ ನೀರನ್ನು ಕೆರೆಗಾಗಲಿ ಗಿಡದ ಬುಡಕ್ಕಾಗಲಿ ಚೆಲ್ಲಬೇಡ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಹಾನಿಕರ ಲೋಹಗಳಿರುತ್ತವೆ. ಮುಚ್ಚಳ ಭದ್ರವಾಗಿರುವ ಖಾಲಿ ಬಾಟಲಿಯೊಂದನ್ನು ಇದಕ್ಕೆಂದೇ ಚೀಲದಲ್ಲಿಟ್ಟುಕೊ.

ಪ್ರತಿ ಚಿತ್ರದ ಹಿಂಬದಿಯಲ್ಲಿ ತಾರೀಖು, ಹೊತ್ತು ಬರೆದಿಡು. ಅದೇ ಜಾಗದಲ್ಲಿ ಇನ್ನೊಂದು ಋತುವಿನಲ್ಲಿ ಕುಳಿತಾಗ ಬೇಕಾಗುತ್ತದೆ. ನನಗೊಂದು ಕಳುಹಿಸು. ಸುರುಳಿ ಸುತ್ತಬೇಡ, ಎರಡು ರಟ್ಟುಗಳ ನಡುವೆ ಇಟ್ಟು ಅಂಚೆಗೆ ಹಾಕು.

ನಿನ್ನ
ಅಪ್ಪ