ಪದಕವೊಂದೇ ಅಳತೆಯಾಗದಿರಲಿ

ಮಾನ್ಯರೇ,

ಶೌರ್ಯ ಪದಕ ಪಡೆದ ಯೋಧರ ಬಗ್ಗೆ ವಿಕಿಪೀಡಿಯದಲ್ಲಿ ಪುಟ ಇರಬೇಕೋ ಬೇಡವೋ ಎಂಬುದನ್ನು ಬರೀ ಪದಕದ ದರ್ಜೆ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರ ಹೆಸರಿದ್ದದ್ದು ಬದಲಿ ಪೈಲಟ್ ಆಗಿ. ಏಟು ತಿಂದ ಮಿಸ್ಟೀರ್ ವಿಮಾನದಲ್ಲೇ, ವೇಗದಲ್ಲಿ ಎಷ್ಟೋ ಮುಂದಿದ್ದ ಪಾಕಿಸ್ತಾನದ ಯುದ್ಧವಿಮಾನ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ತಾವು ಮಾತ್ರ ಮರಳಲಿಲ್ಲ. ಈ ಸಂಗತಿ ಬೆಳಕಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ, ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಪದಕವನ್ನೇ ನೋಡುವುದಾದರೆ, ಅಲ್ಲಿಯವರೆಗೆ ಅವರ ಬಗ್ಗೆ ಬರೆಯುವಂಥದ್ದು ಏನೂ ಇರಲಿಲ್ಲ ಎನ್ನಬೇಕಾಗುತ್ತದೆ!

ಹಾಗಂತ ಅಭಿಮಾನಕ್ಕೆ ಸುಮ್ನೆ ಪುಟ ತೆರೆಯುವುದೂ ಬೇಡ. ಸೇನೆಯವರೋ ಮನೆಯವರೋ ಅಲ್ಲದೆ ಬೇರೆಯವರು ಬರೆದ, ನಂಬಬಹುದಾದ ವರದಿಗಳು ಇರಲೇಬೇಕು. ಅಂಥವು ಎಷ್ಟೋ ಸಲ ಇರುವುದು ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲೇ ಅಲ್ವಾ? ಅವು ಕಪಾಟಿನಲ್ಲೇ ಉಳಿದರೆ ಬರೆಯುವವರ ಕೈಗೆ ಸಿಗುವುದಿಲ್ಲ. 1962, 1965, 1971ರ ಯುದ್ಧಕಾಲದ ಸಂಚಿಕೆಗಳನ್ನು ತಾರೀಖು, ಪುಟಸಂಖ್ಯೆ ಸಹಿತ ಪತ್ರಿಕೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಲಿ.

– ಓದುಗ, ಮಡಿಕೇರಿ