ಹೇನು ಸಣ್ಣದು, ತೋಟ ದೊಡ್ಡದು

ಮಾನ್ಯರೇ,

ಮಳೆ ಕೈಕೊಟ್ಟಾಗಲೆಲ್ಲ ಪತ್ರಿಕೆಗಳಲ್ಲಿ ಅಡಿಕೆಯದೇ ಸುದ್ದಿ. ಅಡಿಕೆ ಮರದ ಬುಡದ ಏಲಕ್ಕಿಯನ್ನು ಕೇಳುವವರೇ ಇಲ್ಲ!

ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಈ ವರ್ಷ ಹದಿನೇಳು ಏಲಕ್ಕಿ ಬುಡ ಕಿತ್ತು ಸುಟ್ಟೆ. ‘ಕಟ್ಟೆ’ ಅನ್ನುವ ವೈರಸ್ ರೋಗ. ಎಳೆ ಎಲೆಯ ಮೇಲೆ ತಿಳಿಹಸಿರು ಗೀರು ಬೀಳುತ್ತದೆ, ಆಮೇಲೆ ಬುಡವೇ ಕುಗ್ಗುತ್ತದೆ. ಔಷಧ ಇಲ್ಲ. ಇದನ್ನು ಹಬ್ಬಿಸುವುದು ಸಾಸಿವೆಗಿಂತ ಸಣ್ಣ, ಕಂದು ಬಣ್ಣದ ಗಿಡಹೇನು. ಎಲೆಯ ಬುಡದ ಸಂದಿಯಲ್ಲಿ ಅವಿತಿರುತ್ತದೆ. ಪತ್ರೊಡೆಗೆಂದು ನಮ್ಮತ್ತೆ ನೆಟ್ಟ ಕೆಸುವಿನ ಮೇಲೂ ಇತ್ತು. ಅತ್ತೆಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಜೋರು ಮಳೆಗೆ ಹೇನು ತೊಳೆದುಹೋಗುತ್ತದೆ. ಒಣ ದಿನ ಉದ್ದವಾದಷ್ಟೂ ಅದಕ್ಕೆ ಹಬ್ಬ. ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ಹಿತವಾದ ಸೆಕೆಯಿದ್ದರೆ ಮರಿ ಬೇಗ ಬೆಳೆಯುತ್ತದೆ, ಜಾಗ ಸಾಲದಾದರೆ ರೆಕ್ಕೆ ಬಂದು ಪಕ್ಕದ ತೋಟಕ್ಕೆ ಹಾರುತ್ತದೆ. ತೀರಾ ಬಿಸಿಲಾದರೆ ಅದೂ ಸಾಯುತ್ತದೆ ನಿಜ. ಆದರೆ ನಮ್ಮ ತೋಟದ ನೆರಳು ಅದಕ್ಕೂ ತಂಪಲ್ವಾ?

ಕಳೆದ ಸಲ ನೆಡಲು ಒಂದು ಕಡೆಯಿಂದ ತಂದ ಕಂದುಗಳಲ್ಲೇ, ಅಂದರೆ ಹಳೆ ಬುಡದಿಂದ ಬಿಡಿಸಿದ ಮರಿಗಿಡಗಳಲ್ಲೇ, ರೋಗ ಇತ್ತು. ಬೀಜದಿಂದ ಕಟ್ಟೆ ಬರುವುದಿಲ್ಲ, ಕಂದಿನಿಂದ ಬರುತ್ತದೆ. ತೋಟಗಾರಿಕೆ ಇಲಾಖೆಯವರು ಮಳೆ ನಿಂತ ಕೂಡಲೇ ಊರೂರಿಗೆ ಬಂದು ರೋಗದ ಬುಡ ಗುರುತಿಸಿಕೊಡಲಿ. ನಾನೊಬ್ಬಳೇ ಕಿತ್ತರೆ ಸಾಲದು, ಬೇಲಿಯಾಚೆಯವರೂ ಅದೇ ವಾರ ಕೀಳಬೇಕು.

– ಒಬ್ಬ ತೋಟಗಾರ್ತಿ, ಶಿರಸಿ ತಾಲ್ಲೂಕು